ಗಟ್ಟಿಮೇಳಕ್ಕೆ ರೀಟೇಕ್ ಇಲ್ಲ!

ಬೆಳ್ಳಿತೆರೆಯ ಮೇಲೆ ಹೀರೋ ತಾಳಿ ಕಟ್ಟುವ ದೃಶ್ಯವನ್ನು ಎಷ್ಟು ಸಲ ನೋಡಿದ್ದೀರಿ? ನಾನಂತೂ ಲೆಕ್ಕ ಇಟ್ಟಿಲ್ಲ. ವಾಲಗದ ಸದ್ದು ಜೋರಾಗುತ್ತದೆ. ಅಕ್ಷತೆ ಮಳೆಯ ಹಾಗೆ ಬೀಳುತ್ತದೆ. ಹೀರೋಯಿನ್ ಕಣ್ಣಂಚಿನಲ್ಲಿ ನಿಂತ ಹನಿ ಮುತ್ತಿನ ಹಾಗೆ ಹೊಳೆಯುತ್ತದೆ. ಆ ಒಂದು ಹನಿ ಹೊಳೆಯಲೆಂದು ಲೈಟ್‌ಬಾಯ್‌ಗಳು ಬೆಳಿಗ್ಗೆಯಿಂದ ಏಣಿ ಹತ್ತಿ ಇಳಿದು ಸುಸ್ತಾಗಿರುತ್ತಾರೆ. ಅಷ್ಟಾದರೂ ಸರಿ ಬರಲಿಲ್ಲವೋ, ಡೈರೆಕ್ಟರು 'ಕಟ್' ಅನ್ನುತ್ತಾರೆ. ತಾಳಿಯನ್ನು ಬಿಚ್ಚಿ ತಟ್ಟೆಗೆ ಹಾಕುತ್ತಾರೆ. ಟಚಪ್ ಆಗುತ್ತದೆ. 'ಒನ್ ಮೋರ್!'

ನಿಜವಾದ ಮದುವೆಮನೆಯಲ್ಲಿ 'ಸ್ವಲ್ಪ ತಾಳಿ ಬಿಚ್ಚಿ, ಇನ್ನೊಂದ್ಸಲ ಕಟ್ಟಿ' ಅನ್ನುವ ಎಂಟೆದೆ ಯಾವ ಫೋಟೋಗ್ರಾಫರಿಗೆ ಇದೆ ಸ್ವಾಮಿ?

ನನಗಂತೂ ಇರಲಿಲ್ಲ. ಅದೂ ಮದುಮಗಳು ನಮ್ಮಕ್ಕನೇ ಆಗಿದ್ದಾಗ!

ಮೂವತ್ತಡಿ ಎತ್ತರದ ಕತ್ತಲೆ

2019ರ ಮಾತು. ತಿಪಟೂರು ಕಡೆಯ ಒಂದು ಹಳೇ ಛತ್ರ. ಈಗಿನ ಕನ್ವೆನ್ಷನ್ ಹಾಲುಗಳ ಹಾಗೆ ಜರತಾರಿ ಸೀಲಿಂಗ್ ಅಲ್ಲಿಲ್ಲ. ಕಲ್ಲಿನ ಕಂಬ, ತೇಗದ ತೊಲೆ, ಅದರ ಮೇಲೆ ಮಂಗಳೂರು ಹೆಂಚು. ನೆಲದಿಂದ ಹೆಂಚಿಗೆ ಮೂವತ್ತಡಿಗೆ ಕಡಿಮೆ ಇಲ್ಲ. ನೂರಾರು ಮದುವೆಗಳ ಹೋಮದ ಹೊಗೆ ಕುಡಿದು ತೊಲೆಗಳೆಲ್ಲ ಕಾಡಿಗೆ ಬಣ್ಣಕ್ಕೆ ತಿರುಗಿದ್ದವು. ಸಾಲದ್ದಕ್ಕೆ ಬೆಳಗಿನ ಜಾವದ ಮುಹೂರ್ತ. ಹೊರಗೆ ಇನ್ನೂ ಕೋಳಿ ಕೂಗುತ್ತಿತ್ತು. ಒಳಗೆ ಐದಾರು ಬಲ್ಬು, ಮಂಟಪಕ್ಕೆ ಸುತ್ತಿದ ಸೀರಿಯಲ್ ಸೆಟ್ಟು, ಎರಡು ದೀಪದ ಕಂಬ. ಅಷ್ಟೇ ಬೆಳಕು.

ಫೋಟೋಗ್ರಾಫರ್ ಯಾರು? ನಾನೇ! ಅಪ್ಪ ಸ್ಟುಡಿಯೋದವರನ್ನು ಕೇಳಿಕೊಂಡು ಬಂದು, ರೇಟು ಹೇಳಿ, ಮಂಚದ ಮೇಲೆ ಸುಮ್ಮನೆ ಕೂತಿದ್ದರು. ಅದನ್ನು ನೋಡಿ ನಾನೇ ಬಾಯಿ ಹಾಕಿದೆ. 'ಅಪ್ಪಾ, ದುಡ್ಡು ಯಾಕೆ ಸುರೀತೀರಾ? ನಾನಿಲ್ವಾ?' ಪಿಯುಸಿಗೆ ಶರಣು ಹೊಡೆದು ಸಿನಿಮಾ ವರದಿ ಬರೆಯುತ್ತಾ ತಿರುಗುತ್ತಿದ್ದ ಮಗನ ಮೇಲೆ ಅವರಿಗೆ ಅದುವರೆಗೆ ಯಾವ ವಿಷಯಕ್ಕೂ ಭರವಸೆ ಇರಲಿಲ್ಲ. ಆ ದಿನ ಮಾತ್ರ ತಲೆಯಾಡಿಸಿದರು. 'ವಿಡಿಯೋನೂ ಬೇಡ, ದಂಡ' ಅಂದವನೂ ನಾನೇ. ಆ ಮಾತು ಇವತ್ತಿಗೂ ಗಂಟಲಲ್ಲಿ ಮುಳ್ಳಾಗಿ ಕೂತಿದೆ.

ಧೈರ್ಯ ಎಲ್ಲಿಂದ ಬಂತು ಅಂತೀರಾ? ಪ್ರೆಸ್‌ಮೀಟ್‌ಗಳಿಂದ! ಆಡಿಯೋ ಬಿಡುಗಡೆ, ಟೀಸರ್ ಬಿಡುಗಡೆ, ನೂರು ದಿನದ ಸಮಾರಂಭ... ಎಲ್ಲವೂ ನಡೆಯುವುದು ಹೋಟೆಲಿನ ಸಣ್ಣ ಹಾಲಿನಲ್ಲಿ. ಅಲ್ಲಿ ಹತ್ತಡಿಗೆ ಬಿಳೀ ಸೀಲಿಂಗು. ಕ್ಯಾಮರಾದ ತಲೆ ಮೇಲಿನ ಫ್ಲಾಷನ್ನು ಸೀಲಿಂಗ್ ಕಡೆ ತಿರುಗಿಸಿ 'ಟಪ್' ಅನ್ನಿಸಿದರೆ ಸಾಕು, ಬೆಳಕು ಮೇಲೆ ಬಡಿದು ಮೆತ್ತಗೆ ಹರಡಿ ಇಳಿಯುತ್ತದೆ. ಯಾವ ತಾರೆಯ ಮುಖವಾದರೂ ಬೆಣ್ಣೆಯ ಹಾಗೆ ಬರುತ್ತದೆ. ಇದಕ್ಕೆ 'ಬೌನ್ಸ್' ಅಂತ ಹೆಸರು. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ಅದನ್ನೇ ಮಹಾವಿದ್ಯೆ ಅಂದುಕೊಂಡಿದ್ದೆ.

ಕೆಂಪು ದೀಪ ಹತ್ತಲಿಲ್ಲ

ಛತ್ರದಲ್ಲೂ ಅದನ್ನೇ ಮಾಡಿದೆ. ಫ್ಲಾಷ್ ತಲೆಯನ್ನು ಹೆಂಚಿನ ಕಡೆ ಎತ್ತಿದೆ. ಐಎಸ್‌ಓ 400, ಶಟರ್ 1/200, ಎಫ್ 4. ಫ್ಲಾಷು ಆಟೋ, ಅಂದರೆ ಟಿಟಿಎಲ್‌ನಲ್ಲಿ. ವರಪೂಜೆಯಲ್ಲೇ ಫೋಟೋ ಮಂಕಾಗಿ ಬರುತ್ತಿತ್ತು. 'ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿದರಾಯ್ತು' ಅಂದುಕೊಂಡೆ.

ಅಂತರಪಟ ಹಿಡಿದರು. ಟಪ್. ಜೀರಿಗೆ-ಬೆಲ್ಲ. ಟಪ್, ಟಪ್. ಒಂದೊಂದು ಸಲ ಹೊಡೆದಾಗಲೂ ಫ್ಲಾಷು 'ಕುಂಯ್' ಅಂತ ಅಳುತ್ತಿತ್ತು. ಆ ಅಳು ಉದ್ದವಾಗುತ್ತಾ ಹೋಗುತ್ತಿದೆ ಅನ್ನುವುದು ವಾಲಗದ ಸದ್ದಿನಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಅಜ್ಜಿ ತಾಳಿಯ ತಟ್ಟೆ ಹಿಡಿದು ಎಲ್ಲರಿಂದ ಮುಟ್ಟಿಸಿಕೊಂಡು ಬಂದು ಅಕ್ಕನ ಹಿಂದೆ ನಿಂತಳು. ಅಜ್ಜಿಗೆ ಎಂಬತ್ತು ದಾಟಿತ್ತು. ಆದರೂ ತಟ್ಟೆಯನ್ನು ಬೇರೆಯವರ ಕೈಗೆ ಕೊಡಲಿಲ್ಲ.

ಆ ಗಳಿಗೆಯಲ್ಲೇ ಅಜ್ಜಿಯದೊಂದು ಫೋಟೋ ಹೊಡೆದೆ. ಟಪ್.

'ಗಟ್ಟಿಮೇಳ! ಗಟ್ಟಿಮೇಳ!'

ಭಾವ ತಾಳಿ ಎತ್ತಿದರು. ಒತ್ತಿದೆ. ಶಟರ್ ಸದ್ದು ಬಂತು, ಬೆಳಕು ಬರಲಿಲ್ಲ! ಮತ್ತೆ ಒತ್ತಿದೆ. ಇಲ್ಲ. ಫ್ಲಾಷಿನ ಬೆನ್ನ ಮೇಲಿನ ಕೆಂಪು ದೀಪ ಹತ್ತಿರಲಿಲ್ಲ. ಒಂದು ಗಂಟು, ಎರಡು ಗಂಟು, ಮೂರು ಗಂಟು... ಅಕ್ಷತೆ ಬಿತ್ತು. ಆಮೇಲೆ ಕೆಂಪು ದೀಪ ಹತ್ತಿತು. ಆಗ ಹೊಡೆದ ಫೋಟೋದಲ್ಲಿ ಇರುವುದು ಅಕ್ಷತೆ ಹಾಕಲು ಮುನ್ನುಗ್ಗಿದ ಮಾವಂದಿರ ಬೆನ್ನುಗಳು ಮಾತ್ರ.

ಮಧ್ಯಾಹ್ನ ಊಟದ ಪಂಕ್ತಿ ನಡೆಯುವಾಗ ಒಬ್ಬನೇ ಸ್ಟೋರ್ ರೂಮಿನಲ್ಲಿ ಕೂತು ನೋಡಿದೆ. ಮೂರು ಫೋಟೋ. ಮೂರೂ ಕಪ್ಪು. ದೀಪದ ಕಂಬದ ಎರಡು ಕುಡಿ ಬಿಟ್ಟರೆ ಏನೂ ಕಾಣದು. ಮೊಬೈಲಿನಲ್ಲಿ ತೆಗೆದವರನ್ನೆಲ್ಲ ಹಿಡಿದು ಕೇಳಿದೆ. ಯಾರದರಲ್ಲೂ ಮೊಣಕೈ, ಯಾರದರಲ್ಲೂ ಅಲುಗಾಡಿದ ಮಬ್ಬು.

ಅಪ್ಪ ಬೈಯಲಿಲ್ಲ. ಕ್ಯಾಮರಾ ನನ್ನ ಕೈಗೇ ಕೊಟ್ಟು ಎಲೆ ಎತ್ತುವ ಕಡೆ ಹೋದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಬೆಟ್ಟಕ್ಕೆ ಹೊಡೆದ ಚೆಂಡು

ಮೂರು ತಿಂಗಳ ನಂತರ ಪಕ್ಕದ ಊರಿನ ಒಬ್ಬ ಹಳೇ ಫೋಟೋಗ್ರಾಫರ ಹತ್ತಿರ ಹೋದೆ. ಎಲ್ಲರೂ ಅವರನ್ನು ಸ್ಟುಡಿಯೋ ಅಣ್ಣ ಅನ್ನುತ್ತಾರೆ. ಎಂಬತ್ತರ ದಶಕದಲ್ಲಿ, ಮೇಲಿನಿಂದ ಬಗ್ಗಿ ನೋಡುವ ಡಬ್ಬಿ ಕ್ಯಾಮರಾದಿಂದ ಮದುವೆ ತೆಗೆದವರು. ಒಂದು ರೋಲಿಗೆ 12 ಫೋಟೋ. ತಾಳಿ ಕಟ್ಟುವ ಹೊತ್ತಿಗೆ ರೋಲು ಮುಗಿದರೆ ಕಥೆಯೂ ಮುಗಿಯಿತು! ಅಂಥ ಕಾಲದಲ್ಲಿ ಹೆಸರು ಉಳಿಸಿಕೊಂಡವರು.

ನನ್ನ ಕಥೆ ಕೇಳಿ ಅವರು ನಗಲಿಲ್ಲ. 'ಕ್ರಿಕೆಟ್ ಆಡ್ತೀಯಾ?' ಅಂದರು.

'ಆಡ್ತೀನಣ್ಣ.'

'ಚೆಂಡನ್ನ ಎದುರುಗಡೆ ಗೋಡೆಗೆ ಹೊಡೆದ್ರೆ ಏನಾಗುತ್ತೆ?'

'ವಾಪಸ್ ಬರುತ್ತೆ.'

'ಊರಾಚೆ ಬೆಟ್ಟಕ್ಕೆ ಹೊಡೆದ್ರೆ?'

ನಾನು ಸುಮ್ಮನಾದೆ.

'ನೀನು ಮಾಡಿದ್ದು ಅದೇ ಕಣಪ್ಪ. ಬೆಳಕನ್ನ ಬೆಟ್ಟಕ್ಕೆ ಹೊಡೆದು, ವಾಪಸ್ ಬರಲಿ ಅಂತ ಕಾಯ್ತಾ ಕೂತಿದ್ದೀಯ.'

ಆಮೇಲೆ ಅವರು ಹಳೇ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸಿದರು. ಗೆಳೆಯರೇ, ಲೆಕ್ಕ ಅಂದಕೂಡಲೇ ಪುಟ ತಿರುಗಿಸಬೇಡಿ. ನಾನು ಗಣಿತದಲ್ಲಿ ಫೇಲಾದವನು. ನನಗೇ ಅರ್ಥವಾಗಿದೆ.

ಬೆಳಕು ದೂರ ಹೋದಷ್ಟೂ ತೆಳುವಾಗುತ್ತದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತನೇ ಒಂದು. ಈಗ ಹೋಟೆಲಿನ ಹಾಲು ನೋಡಿ. ಫ್ಲಾಷು ನೆಲದಿಂದ ಐದಡಿ ಎತ್ತರ. ಸೀಲಿಂಗು ಹತ್ತಡಿ. ಬೆಳಕು ಮೇಲೆ ಐದಡಿ ಹೋಗಿ, ಕೂತವರ ಮುಖದ ತನಕ ಏಳಡಿ ಇಳಿಯಬೇಕು. ಒಟ್ಟು 12 ಅಡಿ. ಛತ್ರದಲ್ಲಿ? ಮೇಲೆ 25, ಕೆಳಗೆ 27. ಒಟ್ಟು 52 ಅಡಿ! ದಾರಿ ನಾಲ್ಕು ಪಟ್ಟಿಗೂ ಜಾಸ್ತಿ. ಮುಖಕ್ಕೆ ಸಿಗುವ ಬೆಳಕು ಹೆಚ್ಚುಕಡಿಮೆ ಹದಿನೆಂಟನೇ ಒಂದು ಪಾಲು. ಅದೂ ಸೀಲಿಂಗು ಬಿಳಿಯಾಗಿದ್ದರೆ! ನಮ್ಮ ಛತ್ರದ ತೊಲೆಗಳೋ ಬಂದ ಬೆಳಕನ್ನು ನುಂಗಿ ನೀರು ಕುಡಿಯುವಂಥವು.

'ಕ್ಯಾಮರಾ ಏನ್ ಮಾಡ್ತು? ಬೆಳಕು ಸಾಲ್ತಿಲ್ಲ, ಸಾಲ್ತಿಲ್ಲ ಅಂತ ಪ್ರತಿ ಸಲಾನೂ ಫ್ಲಾಷನ್ನ ಫುಲ್ ಪವರಿಗೆ ಎತ್ತು ಅಂತು. ಫುಲ್ ಪವರು ಅಂದ್ರೆ ಕೊಡದಲ್ಲಿರೋ ನೀರನ್ನೆಲ್ಲ ಒಂದೇ ಸಲ ಚೆಲ್ಲಿದ ಹಾಗೆ. ಮತ್ತೆ ತುಂಬೋಕೆ ಟೈಮ್ ಬೇಡ್ವಾ? ಸೆಲ್ಲು ಇಳಿದಷ್ಟೂ ಇನ್ನೂ ನಿಧಾನ. ನೀನು ಅಜ್ಜಿ ಫೋಟೋಗೆ ಕೊಡ ಖಾಲಿ ಮಾಡ್ದೆ. ತಾಳಿ ಹೊತ್ತಿಗೆ ಬಿಂದಿಗೇಲಿ ನೀರೇ ಇರ್ಲಿಲ್ಲ.'

ನನಗೆ ಅಲ್ಲಿಯವರೆಗೆ ಗೊತ್ತಿದ್ದುದು ಒಂದೇ: ನನ್ನ ಹಣೆಬರಹ ಸರಿ ಇರಲಿಲ್ಲ ಅಂತ. ಅವರು ಹೇಳಿದ ಮೇಲೆ ತಿಳಿಯಿತು, ಹಣೆಬರಹದ ಮೇಲೆ ತಪ್ಪು ಹಾಕುವಂತಿಲ್ಲ!

'ಹಾಗಾದ್ರೆ ನೇರವಾಗಿ ಮುಖಕ್ಕೆ ಹೊಡೀಬೇಕಿತ್ತಾ ಅಣ್ಣ?'

'ಹೊಡೀಬಹುದಿತ್ತು. ಏನೂ ಇಲ್ಲದ್ದಕ್ಕಿಂತ ಅದೇ ವಾಸಿ. ಆದ್ರೆ ಪೊಲೀಸ್ ಸ್ಟೇಷನ್ ಫೋಟೋ ಥರ ಬರುತ್ತೆ.'

ನಿಜ. ಕ್ಯಾಮರಾದ ತಲೆಯಿಂದ ನೇರವಾಗಿ ಹೋದ ಬೆಳಕಿನಲ್ಲಿ ಬೆವರಿದ ಹಣೆ ಕನ್ನಡಿಯಾಗುತ್ತದೆ. ಜರಿ ಸೀರೆ ಉರಿಯುತ್ತದೆ. ಮೂಗಿಗೆ ಆಳವೇ ಇರುವುದಿಲ್ಲ. ಮದುಮಗಳು ಆರಡಿ ದೂರದಲ್ಲಿ ಬೆಳ್ಳಗೆ ಬಂದರೆ, ಹನ್ನೆರಡು ಅಡಿ ಹಿಂದೆ ನಿಂತ ಅಪ್ಪನಿಗೆ ಕಾಲು ಭಾಗ ಬೆಳಕು. ಇಪ್ಪತ್ನಾಲ್ಕು ಅಡಿ ಹಿಂದಿನ ನೆಂಟರಿಗೆ ಹದಿನಾರನೇ ಒಂದು ಪಾಲು. ಛತ್ರವೆಲ್ಲ ಗವಿಯ ಹಾಗೆ ಕಾಣುತ್ತದೆ. ನೂರಾರು ಜನ ಸೇರಿದ ಮದುವೆಯಲ್ಲಿ ಇಬ್ಬರೇ ಕದ್ದುಮುಚ್ಚಿ ಮದುವೆಯಾದ ಹಾಗೆ!

ನಮ್ಮ ಮೈಸೂರಿನ ಮೂರ್ತಿಯವರು

'ಸಿನಿಮಾ ಬರೀತೀಯಲ್ಲ, ವಿ.ಕೆ. ಮೂರ್ತಿ ಯಾರು ಗೊತ್ತಾ?' ಅಂದರು ಸ್ಟುಡಿಯೋ ಅಣ್ಣ.

ಗೊತ್ತಿಲ್ಲದೆ ಏನು! ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಬೊಂಬಾಯಿಗೆ ಹೋಗಿ ಗುರುದತ್ತರ ಕಣ್ಣಾದವರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, ನಮ್ಮ ಕನ್ನಡಿಗ! 2014ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

1959ರ 'ಕಾಗಜ್ ಕೇ ಫೂಲ್' ನೋಡಿದ್ದೀರಾ? ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ಖಾಲಿ ಸ್ಟುಡಿಯೋ ಒಳಗೆ ನಿಂತಿರುತ್ತಾರೆ. ಎತ್ತರದ ಛಾವಣಿ, ಸುತ್ತಲೂ ಕತ್ತಲೆ, ನಮ್ಮ ಛತ್ರದ ಹಾಗೇ! ಮೇಲಿನಿಂದ ಒಂದೇ ಒಂದು ಬೆಳಕಿನ ಕೋಲು ನೆಲಕ್ಕೆ ಇಳಿಯುತ್ತದೆ. ಎಷ್ಟು ದೊಡ್ಡ ಲೈಟು ಇಟ್ಟಿರಬಹುದು ಅಂದುಕೊಂಡಿರಾ? ಅದು ಬಿಸಿಲು! ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದರು ಮೂರ್ತಿ. ಆ ಚಿತ್ರದ ಛಾಯಾಗ್ರಹಣಕ್ಕೆ ಫಿಲಂಫೇರ್ ಪ್ರಶಸ್ತಿಯೂ ಬಂತು.

ಇನ್ನೊಬ್ಬರು ಬಂಗಾಳದ ಸುಬ್ರತ ಮಿತ್ರ. ಸತ್ಯಜಿತ್ ರಾಯ್ ಅವರ 'ಅಪರಾಜಿತೊ' ಚಿತ್ರಕ್ಕೆ (1956) ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೋದಲ್ಲಿ ಕಟ್ಟಿದರು. ಅಂಗಳ ಅಂದಮೇಲೆ ಆಕಾಶದ ತಂಪು ಬೆಳಕು ಬೀಳಬೇಕಲ್ಲ? ಮಿತ್ರ ಏನು ಮಾಡಿದರು ಗೊತ್ತೇ? ಸೆಟ್ಟಿನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿಸಿದರು. ಲೈಟುಗಳನ್ನು ಕೆಳಗಿಟ್ಟು ಬಟ್ಟೆಗೆ ಹೊಡೆದರು. ಬೆಳಕು ಬಟ್ಟೆಗೆ ಬಡಿದು ಮಂಜಿನ ಹಾಗೆ ಅಂಗಳಕ್ಕೆ ಇಳಿಯಿತು. ಸ್ಟುಡಿಯೋ ಛಾವಣಿ ಎಷ್ಟು ಎತ್ತರ ಇದ್ದರೇನು, ಅವರು ತಮಗೆ ಬೇಕಾದ ಎತ್ತರಕ್ಕೆ ತಮ್ಮದೇ ಆಕಾಶ ಕಟ್ಟಿಕೊಂಡರು!

'ತಿಳೀತಾ?' ಅಂದರು ಸ್ಟುಡಿಯೋ ಅಣ್ಣ. 'ಛಾವಣಿ ದೂರ ಇದ್ರೆ ಹತ್ತಿರಕ್ಕೆ ಒಂದು ಛಾವಣಿ ತಂದ್ಕೋ. ಥರ್ಮಕೋಲ್ ಶೀಟಿಗೆ ಎಷ್ಟಾಗುತ್ತಪ್ಪ?'

ಆಗ ನನ್ನ ತಲೆಯೊಳಗೆ ನಿಜವಾಗಿಯೂ ಫ್ಲಾಷ್ ಹೊಡೆಯಿತು. ಎಷ್ಟು ಶೂಟಿಂಗ್‌ಗಳಲ್ಲಿ ನೋಡಿದ್ದೇನೆ! ಹೀರೋ ಪಕ್ಕದಲ್ಲಿ ಒಬ್ಬ ಹುಡುಗ ಬಿಳೀ ಥರ್ಮಕೋಲ್ ಹಿಡಿದು ಬಿಸಿಲಲ್ಲಿ ನಿಂತಿರುತ್ತಾನೆ. ನಾವು ಹೀರೋನನ್ನು ನೋಡುತ್ತೇವೆ, ಆ ಹುಡುಗನನ್ನು ನೋಡುವುದಿಲ್ಲ. ಹೀರೋ ಮುಖಕ್ಕೆ ಕಳೆ ಕೊಡುತ್ತಿರುವುದು ಅವನ ಕೈಯಲ್ಲಿರುವ ಹಲಗೆ.

ಅದೇ ಛತ್ರ, ಇನ್ನೊಂದು ಗಟ್ಟಿಮೇಳ

2022ರಲ್ಲಿ ಚಿಕ್ಕಪ್ಪನ ಮಗಳ ಮದುವೆ ಅದೇ ಛತ್ರದಲ್ಲಿ ಗೊತ್ತಾಯಿತು. ಈ ಸಲ ಚಿಕ್ಕಪ್ಪ ಬೇರೆ ಫೋಟೋಗ್ರಾಫರನ್ನು ಗೊತ್ತು ಮಾಡಿದ್ದರು. ತಪ್ಪೇನಿದೆ? ಫೋಟೋಗ್ರಾಫರ್ ಬೇರೆ ಯಾರೂ ಅಲ್ಲ, ಸ್ಟುಡಿಯೋ ಅಣ್ಣನೇ. ನಾನು ಅವರಿಗೆ ಲೈಟ್‌ಬಾಯ್!

ಹಿಂದಿನ ಸಂಜೆಯೇ ಹೋದೆವು. ಅವರು ಮೊದಲು ಮಾಡಿದ್ದು ಕ್ಯಾಮರಾ ತೆಗೆಯುವುದಲ್ಲ, ಹಸೆಮಣೆಯ ಮೇಲೆ ಕೂತು ಸುತ್ತ ನೋಡುವುದು. 'ಇಲ್ಲಿ ಕೂತ ಹುಡುಗೀಗೆ ಬೆಳಕು ಎಲ್ಲಿಂದ ಬರುತ್ತೆ ಅಂತ ಮೊದ್ಲು ನೋಡು' ಅಂದರು. ಆಮೇಲೆ ಪುರೋಹಿತರ ಹತ್ತಿರ ಹೋಗಿ ಕೈಮುಗಿದು, 'ಸ್ವಾಮೀ, ಗಟ್ಟಿಮೇಳ ಅನ್ನೋ ಮುಂಚೆ ಒಂದ್ಸಲ ನನ್ನ ಕಡೆ ನೋಡಿಬಿಡಿ' ಅಂದರು. ಇದು ಯಾವ ಕ್ಯಾಮರಾ ಪುಸ್ತಕದಲ್ಲೂ ಇಲ್ಲದ ಪಾಠ.

ಎರಡು ಫ್ಲಾಷು, ಎರಡು ಸ್ಟ್ಯಾಂಡು. ಮಂಟಪದ ಮುಂದೆ ಎಡಕ್ಕೊಂದು, ಬಲಕ್ಕೊಂದು. ಎಂಟೊಂಬತ್ತು ಅಡಿ ಎತ್ತರ, ಹಸೆಮಣೆಗೆ ಸುಮಾರು ಹನ್ನೆರಡು ಅಡಿ ದೂರ. ಎರಡಕ್ಕೂ ಬಿಳಿ ಛತ್ರಿ. ಕ್ಯಾಮರಾ ಮೇಲೆ ಒಂದು ಸಣ್ಣ ರೇಡಿಯೋ ಟ್ರಿಗರ್. ಬಟನ್ ಒತ್ತಿದರೆ ತಂತಿಯಿಲ್ಲದೆ ಎರಡೂ ಹೊಡೆಯುತ್ತವೆ. 'ನಮ್ಮ ಕಾಲದಲ್ಲಿ ಸ್ಲೇವ್ ಅಂತಿತ್ತು. ಒಂದು ಫ್ಲಾಷ್ ನೋಡಿ ಇನ್ನೊಂದು ಹೊಡೀತಿತ್ತು. ಅದನ್ನ ಹಿಡ್ಕೊಂಡು ಒಬ್ಬ ಹುಡುಗ ನಮ್ಮ ಹಿಂದೆ ಓಡ್ತಿದ್ದ' ಅಂದರು ಅಣ್ಣ.

ಎಡಗಡೆಯ ಫ್ಲಾಷು ಸ್ವಲ್ಪ ಜೋರು, 1/16 ಪವರು. ಬಲಗಡೆಯದು 1/32. ಎರಡೂ ಒಂದೇ ಸಮ ಇದ್ದರೆ ಮುಖ ಚಪ್ಪಟೆಯಾಗುತ್ತದೆ. ಒಂದು ಕಡೆ ಚೂರು ನೆರಳು ಇರಬೇಕು. ಆಗಲೇ ಮೂಗುತಿ ಹೊಳೆಯುವುದು.

ಇನ್ನು ಕ್ಯಾಮರಾ. ಐಎಸ್‌ಓ 1600, ಎಫ್ 4, ಶಟರ್ 1/50. ನನ್ನ 400ರಿಂದ 1600ಕ್ಕೆ ಹೋದರೆ ಕ್ಯಾಮರಾ ಬೆಳಕಿಗೆ ನಾಲ್ಕು ಪಟ್ಟು ಚುರುಕಾಗುತ್ತದೆ. ಫ್ಲಾಷಿಗೆ ಕೆಲಸ ಕಾಲು ಭಾಗ. ಕೊಡ ಪೂರ್ತಿ ಚೆಲ್ಲುವ ಬದಲು ಒಂದು ಲೋಟ ಚೆಲ್ಲಿದರೆ ಸಾಕು. ಒಂದಾದ ಮೇಲೊಂದು ಹೊಡೆದರೂ ನೀರು ಖಾಲಿಯಾಗದು. ಆ ಕಾಳುಕಾಳು ರವೆ ಸ್ವಲ್ಪ ಬರುತ್ತದೆ, ಬರಲಿ ಬಿಡಿ. ರವೆ ಇರುವ ತಾಳಿ ಫೋಟೋ, ಫೋಟೋನೇ ಇಲ್ಲದ ತಾಳಿಗಿಂತ ಸಾವಿರ ಪಾಲು ಮೇಲು.

1/50 ಅಂದರೆ ಅಲುಗಾಡಿ ಹೋಗುವುದಿಲ್ಲವೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅದೇ ಇದರ ಗುಟ್ಟು. ಕಡಿಮೆ ಪವರಿನಲ್ಲಿ ಫ್ಲಾಷಿನ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇರುತ್ತದೆ. ಮುಖಕ್ಕೆ ಬಿದ್ದ ಬೆಳಕೆಲ್ಲ ಹೆಚ್ಚುಕಡಿಮೆ ಆ ಮಿಂಚಿನದೇ. ಆದ್ದರಿಂದ ಮುಖ, ಕೈ, ತಾಳಿ ಕಲ್ಲಿನಂತೆ ನಿಲ್ಲುತ್ತವೆ. ಉಳಿದ ಹೊತ್ತೆಲ್ಲ ಶಟರ್ ತೆರೆದಿದ್ದು ಹಿಂದಿನ ಬಲ್ಬು, ದೀಪ, ಸೀರಿಯಲ್ ಸೆಟ್ಟಿನ ಬೆಳಕನ್ನು ನಿಧಾನವಾಗಿ ಕುಡಿಯುತ್ತದೆ. ಗವಿ ಮತ್ತೆ ಛತ್ರವಾಗುತ್ತದೆ. ನನ್ನ 1/200ರಲ್ಲಿ ಆ ಬಲ್ಬುಗಳು ಒಳಗೆ ಬರುವ ಮೊದಲೇ ಬಾಗಿಲು ಮುಚ್ಚಿಬಿಟ್ಟಿತ್ತು.

ಇನ್ನೊಂದು ಸಣ್ಣ ಮಾತು. ಹಳೇ ಬಲ್ಬಿನ ಬೆಳಕು ಅರಿಶಿನ, ಫ್ಲಾಷಿನ ಬೆಳಕು ಹಾಲು. ಹಾಗೇ ಹೊಡೆದರೆ ಮದುಮಗಳು ಹಾಲು ಬಣ್ಣ, ಹಿಂದಿನವರೆಲ್ಲ ಕಾಮಾಲೆ ರೋಗಿಗಳು! ಅಣ್ಣ ಎರಡೂ ಫ್ಲಾಷಿನ ಮುಖಕ್ಕೆ ಕಿತ್ತಳೆ ಬಣ್ಣದ ಜಿಲೆಟಿನ್ ಹಾಳೆ ಅಂಟಿಸಿದರು, ನಾಟಕದ ಸ್ಪಾಟ್‌ಲೈಟಿಗೆ ಅಂಟಿಸುತ್ತಾರಲ್ಲ, ಅದೇ. ಕ್ಯಾಮರಾವನ್ನು ಬಲ್ಬಿನ ಬಣ್ಣಕ್ಕೆ ಹೊಂದಿಸಿದರು. ಎಲ್ಲರೂ ಒಂದೇ ಮನೆಯವರ ಹಾಗೆ ಬಂದರು.

ನನ್ನ ಕೆಲಸ ಏನು ಅಂತೀರಾ? ಥರ್ಮಕೋಲ್ ಹಿಡಿಯುವುದು! ಅಣ್ಣ ಮಂಟಪ ಬಿಟ್ಟು ಓಡಾಡುವಾಗ ಕೈಯಲ್ಲಿ ಇನ್ನೊಂದು ಕ್ಯಾಮರಾ, ಅದರ ಮೇಲೊಂದು ಫ್ಲಾಷು. ಆ ಫ್ಲಾಷಿನ ಮುಖವನ್ನು ಅವರು ಹಿಂದಕ್ಕೆ, ತಮ್ಮ ಹೆಗಲ ಕಡೆಗೆ ತಿರುಗಿಸಿದ್ದರು. ಅವರ ಬೆನ್ನ ಹಿಂದೆ ಮೂರಡಿ ದೂರದಲ್ಲಿ ನಾಲ್ಕಡಿಯ ಬಿಳೀ ಹಲಗೆ ಎತ್ತಿ ಹಿಡಿದು ನಾನು. ಮೂವತ್ತಡಿ ಮೇಲಿನ ಛಾವಣಿಯ ಬದಲು ಮೂರಡಿ ಹಿಂದಿನ ಛಾವಣಿ. ಕೈ ನೋಯುತ್ತಿತ್ತು. ನೆಂಟರೆಲ್ಲ ನೋಡಿ ನಗುತ್ತಿದ್ದರು. 'ಏನೋ, ಪತ್ರಕರ್ತ ಹಲಗೆ ಹೊರೋಕೆ ಬಂದಿದ್ದಾನೆ!' ಅಂದ ಒಬ್ಬ ಮಾವ. ನಗಲಿ ಬಿಡಿ, ಅವರ ಫೋಟೋನೂ ಚೆನ್ನಾಗಿ ಬಂದಿದೆ.

ಬೆಳಗಿನ ಜಾವ ಪುರೋಹಿತರು ತಲೆ ಎತ್ತಿ ಅಣ್ಣನ ಕಡೆ ನೋಡಿದರು. 'ಗಟ್ಟಿಮೇಳ!'

ಟಪ್. ಟಪ್. ಟಪ್. ಟಪ್.

ಕ್ಯಾಮರಾ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದೆ. ಮೂರು ಗಂಟೂ ಇದ್ದವು. ಬಗ್ಗಿದ ಹುಡುಗಿಯ ಕುತ್ತಿಗೆ, ಹುಡುಗನ ನಡುಗುವ ಬೆರಳು, ಹಿಂದೆ ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವುದು, ಅದರ ಹಿಂದೆ ಕಲ್ಲಿನ ಕಂಬ, ಮೇಲೆ ಕತ್ತಲೆಯಲ್ಲಿ ಮಸುಕಾಗಿ ತೇಗದ ತೊಲೆ. ಆ ಛತ್ರ ಅಷ್ಟು ಚೆನ್ನಾಗಿದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಫ್ಲಾಷೇ ಬೇಡ ಅನ್ನುವವರಿಗೆ

ಸಿನಿಮಾ ಪಂಡಿತರು ಇಷ್ಟು ಹೊತ್ತಿಗೆ ಕೈ ಎತ್ತಿರುತ್ತಾರೆ. 'ಕ್ಯೂಬ್ರಿಕ್ ಮೇಣದ ಬತ್ತಿ ಬೆಳಕಲ್ಲೇ ತೆಗೆದಿಲ್ವಾ?' ತೆಗೆದರು ಸ್ವಾಮಿ, 1975ರ 'ಬ್ಯಾರಿ ಲಿಂಡನ್' ಚಿತ್ರದಲ್ಲಿ. ಅದಕ್ಕೆ ಬಳಸಿದ್ದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾಗಾಗಿ ಝೈಸ್ ಕಂಪನಿ ಮಾಡಿದ್ದ ಎಫ್ 0.7 ಲೆನ್ಸು! ಫೋಕಸ್ ಎಷ್ಟು ತೆಳು ಅಂದರೆ ನಟರು ಚೂರು ಮುಂದೆ ಬಗ್ಗಿದರೂ ಮಬ್ಬು. ನಮ್ಮ ಮಾವಂದಿರಿಗೆ 'ಅಲುಗಾಡಬೇಡಿ' ಅಂತ ಹೇಳುವವರು ಯಾರು?

ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಎಫ್ 1.8ರ 50 ಎಂಎಂ ಲೆನ್ಸು ಈಗ ಬಡವರ ಕೈಗೂ ಎಟುಕುತ್ತದೆ. ಅಕ್ಕನ ಮದುವೆಯಲ್ಲಿ ನನ್ನ ಚೀಲದಲ್ಲಿ ಅಂಥದ್ದೊಂದು ಇದ್ದು, ಐಎಸ್‌ಓ ಏರಿಸಿ ಶಟರ್ ಇಳಿಸಿದ್ದರೆ, ಫ್ಲಾಷು ಕೈಕೊಟ್ಟರೂ ಆ ಮೂರು ಫೋಟೋ ಕಪ್ಪಾಗುತ್ತಿರಲಿಲ್ಲ. ಆದ್ದರಿಂದ ಅಣ್ಣನ ಕೊನೆಯ ಪಾಠ ಇದು: 'ಫ್ಲಾಷ್ ಹೊಡೀದೇ ಹೋದ್ರೂ ಏನೋ ಒಂದು ಕಾಣೋ ಹಾಗೆ ಕ್ಯಾಮರಾ ಇಟ್ಕೊಂಡಿರು.'

ಚರ್ಚಿನ ಮದುವೆಗೂ ಇದೇ ಮಂತ್ರ. ಮೈಸೂರಿನ ಸಂತ ಫಿಲೋಮಿನಾ ಚರ್ಚು ನೋಡಿದ್ದೀರಲ್ಲ? ಆ ಜೋಡಿ ಗೋಪುರಗಳೇ 175 ಅಡಿ. ಅಂಥ ಕಟ್ಟಡಗಳ ಒಳಗೆ ನಿಂತು ಫ್ಲಾಷನ್ನು ಮೇಲಕ್ಕೆ ತಿರುಗಿಸುವವರು ದೇವರಿಗೆ ಬೆಳಕು ತೋರಿಸುತ್ತಿದ್ದಾರೆ, ಅಷ್ಟೇ! ಚರ್ಚಾಗಲಿ, ದೇವಸ್ಥಾನದ ಕಲ್ಲು ಮಂಟಪವಾಗಲಿ, ಫ್ಲಾಷು ಹೊಡೆಯಬಹುದೇ ಅಂತ ಮೊದಲು ಕೇಳಿಕೊಳ್ಳಿ. ಬೇಡ ಅಂದರೆ ಬೇಡ. ಆಗ ಎಫ್ 1.8 ಕೈಹಿಡಿಯುತ್ತದೆ.

ಆಲ್ಬಂನ ಒಂದು ಪುಟ

ನಮ್ಮಕ್ಕನ ಆಲ್ಬಂನಲ್ಲಿ ತಾಳಿ ಕಟ್ಟುವ ಪುಟ ಇಲ್ಲ. ಜೀರಿಗೆ-ಬೆಲ್ಲದ ಪುಟ ಆದಮೇಲೆ ಒಂದೇ ಸಲಕ್ಕೆ ಆರತಿಯ ಪುಟ ಬರುತ್ತದೆ. ನೋಡಲು ಬಂದವರು 'ತಾಳಿ ಕಟ್ಟೋದು ಎಲ್ಲಿ?' ಅಂತ ಕೇಳಿಯೇ ಕೇಳುತ್ತಾರೆ. ಅಕ್ಕ, 'ಕಟ್ಟಿದಾರೆ ನೋಡಿ' ಅಂತ ಕುತ್ತಿಗೆಯ ತಾಳಿ ಎತ್ತಿ ತೋರಿಸಿ ನಗುತ್ತಾಳೆ. ನಾನು ಆ ಹೊತ್ತಿಗೆ ಎದ್ದು ಅಡಿಗೆಮನೆಗೆ ನೀರು ಕುಡಿಯಲು ಹೋಗುತ್ತೇನೆ.

ಅಜ್ಜಿ ಮಾರನೇ ವರ್ಷ ಹೋದಳು. ಆ ಕೊನೆಯ ಕೊಡ ಖಾಲಿ ಮಾಡಿ ತೆಗೆದ ಅವಳ ಫೋಟೋ, ತಾಳಿಯ ತಟ್ಟೆ ಹಿಡಿದು ನಿಂತದ್ದು, ನಮ್ಮನೆ ಗೋಡೆಯ ಮೇಲಿದೆ. ಸ್ವಲ್ಪ ಮಂಕು. ಬೆಳಕು ಛಾವಣಿಗೆ ಹೋಗಿ ಸುಸ್ತಾಗಿ ಬಂದದ್ದು ಗೊತ್ತಾಗುತ್ತದೆ. ಒಂದು ದಿನ ಅಪ್ಪ ಅದರ ಮುಂದೆ ನಿಂತಿದ್ದರು. ನಾನು ಹಿಂದಿನಿಂದ ಮೆಲ್ಲಗೆ, 'ಇದನ್ನ ತೆಗೀದೇ ಇದ್ದಿದ್ರೆ ತಾಳಿ ಫೋಟೋ ಸಿಕ್ತಿತ್ತಪ್ಪ' ಅಂದೆ.

ಅಪ್ಪ ತಿರುಗಿ ನೋಡದೆ, 'ಇದು ಸಿಕ್ತಲ್ಲ' ಅಂದರು. ಮೂರು ವರ್ಷದಲ್ಲಿ ಆ ಮದುವೆಯ ಫೋಟೋ ಬಗ್ಗೆ ಅವರು ಆಡಿದ ಮೊದಲ ಮಾತು ಅದು.

ಹಾಗಂತ ನನಗೆ ಸಮಾಧಾನವಾಗಿದೆ ಅಂದುಕೊಳ್ಳಬೇಡಿ. ಎರಡೂ ಸಿಗಬಹುದಿತ್ತು. ಒಂದು ಥರ್ಮಕೋಲ್ ಹಲಗೆ, ಐಎಸ್‌ಓ 1600, ಜೇಬಿನಲ್ಲಿ ಒಂದು ಜೊತೆ ತುಂಬಿದ ಸೆಲ್ಲು ಇದ್ದಿದ್ದರೆ ಎರಡೂ ಸಿಗುತ್ತಿದ್ದವು.

ಈ ಪತ್ರಿಕೆಯನ್ನು ಬಸ್ಸಿನ ಕಿಟಕಿ ಪಕ್ಕ ಕೂತು ಓದುತ್ತಿರುವ ಗೆಳೆಯನೇ, ನಿನಗೂ ಒಬ್ಬ ತಂಗಿಯೋ ಅಕ್ಕನೋ ಇದ್ದಾಳು. ನಿನ್ನ ಕೈಗೂ ಯಾರಾದರೂ ಕ್ಯಾಮರಾ ಕೊಟ್ಟಾರು. ಛತ್ರದೊಳಗೆ ಕಾಲಿಟ್ಟ ಕೂಡಲೇ ಒಂದು ಸಲ ತಲೆ ಎತ್ತಿ ಮೇಲೆ ನೋಡು. ಛಾವಣಿ ಕಣ್ಣಿಗೇ ಸರಿಯಾಗಿ ಕಾಣದಿದ್ದರೆ, ನಿನ್ನ ಫ್ಲಾಷಿಗೂ ಕಾಣುವುದಿಲ್ಲ. ಗಟ್ಟಿಮೇಳ ಅಂದಮೇಲೆ ಅಲ್ಲಿ 'ಕಟ್' ಅನ್ನಲು ಯಾವ ಡೈರೆಕ್ಟರೂ ಇರುವುದಿಲ್ಲ!